ಮಗಳಿಗೊಂದು ಪತ್ರ: ಬಂದ ‘ಸ’ ಮುಂದಿನ ‘ಪ’

ಪ್ರೀತಿಯ ಪುಟ್ಟಿ,

ಮೊನ್ನೆ ಫೋನ್ ಇಟ್ಟ ಮೇಲೂ ತುಂಬ ಹೊತ್ತು ನಿನ್ನ ಮಾತೇ ಕಿವಿಯಲ್ಲಿತ್ತು. "ಅಮ್ಮ, ಮೂರು ವಾರ ಆಯ್ತು. ಗಿಟಾರಿನಲ್ಲಿ ಡಿ7 ಕಾರ್ಡಿನಿಂದ ಜಿ7ಗೆ ಬರುವಾಗ ಕೈ ಕಟ್ಟಿಹೋಗುತ್ತೆ. ನಂಗಿದು ಬರಲ್ಲ ಬಿಡು" ಅಂದೆ. ಆಗ ಏನೋ ಸಮಾಧಾನ ಹೇಳಿದೆ. ಆದರೆ ಸಮಾಧಾನದಿಂದ ಬೆರಳು ಸರಿಹೋಗುವುದಿಲ್ಲ ಅಲ್ವಾ. ಅದಕ್ಕೇ ಈಗ ಗಿಟಾರ್ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದೇ ಜಾಗ ಒತ್ತಿ ನೋಡಿ ಬರೆಯುತ್ತಿದ್ದೇನೆ. ನೀನೂ ಗಿಟಾರ್ ಹಿಡಿದುಕೊಂಡೇ ಓದು.

ನಿನ್ನ ಕ್ಲಾಸಿನಲ್ಲಿ ಕೊಟ್ಟ ಆ ದುಂಡನೆಯ ಚಿತ್ರ ನೋಡಿದೆ. ಗಡಿಯಾರದ ಹಾಗೆ ಹನ್ನೆರಡು ಜಾಗ, ಜಾಗಕ್ಕೊಂದು ಪಾಶ್ಚಾತ್ಯ ಸ್ವರ. ಸಿ, ಎಫ್, ಬಿ ಫ್ಲ್ಯಾಟ್, ಇ ಫ್ಲ್ಯಾಟ್ ಅಂತ ಸುತ್ತಿಕೊಂಡು ಕೊನೆಗೆ ಇ, ಎ, ಡಿ, ಜಿ, ಮತ್ತೆ ಸಿ. ಒಂದು ವಾರದಲ್ಲಿ ಬಾಯಿಪಾಠ ಮಾಡಿ ಅಂದರಂತೆ. ಚಿತ್ರದಲ್ಲಿ ತಪ್ಪೇನಿಲ್ಲ. ಆದರೆ ಮೊದಲು ಕೊಡಬೇಕಾದದ್ದು ಅದಲ್ಲ. ಅದನ್ನು ಗೋಡೆಗೆ ಅಂಟಿಸಿ ಸದ್ಯಕ್ಕೆ ಮರೆತುಬಿಡು. ನೀನು ನುಡಿಸಬೇಕು ಅಂತಿರುವ ಬ್ಲೂಸಿಗೆ, ಆ ಅಮೆರಿಕದ ಕಪ್ಪುಜನರ ಹಾಡಿಗೆ, ಕೊನೆಯ ಐದು ಸಾಕು. ಇ7, ಎ7, ಡಿ7, ಜಿ7, ಸಿ.

ಎರಡು ವರ್ಷದ ಹಿಂದೆ ನೀನು ಬಿಟ್ಟುಹೋದ ಗಿಟಾರನ್ನು ಬೀರುವಿನ ಮೇಲಿಂದ ಇಳಿಸಿ ಈ ಐದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಶುರು ಮಾಡಿದಾಗ ನನ್ನ ಕಿವಿ ಒಪ್ಪಲೇ ಇಲ್ಲ. ಎಂಟನೇ ವಯಸ್ಸಿನಿಂದ ವೀಣೆ ಹಿಡಿದವಳು ನಾನು. ನಮ್ಮಲ್ಲಿ ‘ಸ’ ಅಲ್ಲಾಡುವುದಿಲ್ಲ. ತಂಬೂರಿ ಒಮ್ಮೆ ಶ್ರುತಿ ಹಿಡಿದರೆ ಎಲ್ಲ ಸ್ವರವೂ ಅದರ ಸುತ್ತಲೇ. ಇಲ್ಲಿ ಇ7 ನುಡಿಸಿದ ಕೂಡಲೇ ಮನಸ್ಸು ‘ಇ’ಯನ್ನೇ ಸ ಅಂತ ಹಿಡಿದುಕೊಳ್ಳುತ್ತದೆ. ಅಷ್ಟರಲ್ಲಿ ಎ7 ಬಂದು, ಅದಲ್ಲ, ನಾನು ಸ ಅನ್ನುತ್ತದೆ. ಅದನ್ನು ನಂಬುವಷ್ಟರಲ್ಲಿ ಡಿ7. ಒಂದು ವಾರ ನನಗೆ ತಲೆನೋವೇ ಬಂತು.

ದಾರಿ ತೋರಿಸಿದ್ದು ವೀಣೆಯೇ. ವೀಣೆಯ ನುಡಿಸುವ ತಂತಿ ನಾಲ್ಕು. ಅದರಲ್ಲಿ ಎಲ್ಲಕ್ಕಿಂತ ತಗ್ಗಿನದು ಅನುಮಂದ್ರ, ಅದಕ್ಕೆ ‘ಪ’ ಶ್ರುತಿ. ಪಕ್ಕದ್ದು ಮಂದ್ರ, ಅದಕ್ಕೆ ‘ಸ’. ಒಂದು ಮಧ್ಯಾಹ್ನ ವೀಣೆಯ ಧೂಳು ಒರೆಸುತ್ತಿದ್ದಾಗ ಬಟ್ಟೆ ತಾಗಿ ಎರಡೂ ಒಂದರ ಹಿಂದೆ ಒಂದು ನುಡಿದವು. ಪ... ಸ. ಅಯ್ಯೋ, ಇದು ಇ... ಎ ಅಲ್ವಾ ಅನ್ನಿಸಿತು. ಓಡಿಹೋಗಿ ಗಿಟಾರಿನ ಆರನೇ ತಂತಿ, ಐದನೇ ತಂತಿ ಮೀಟಿದೆ. ಅದೇ ನೆಗೆತ, ಅದೇ ಅಂತರ.

ಪ, ದ, ನಿ, ಸ. ಎಣಿಸಿ ನೋಡು, ನಾಲ್ಕು. ಅವರು ಫೋರ್ತ್ ಅನ್ನುವುದು ಇದಕ್ಕೇ. ಆ ದೊಡ್ಡ ಚಕ್ರದಲ್ಲಿ ಇರುವುದೂ ಇಷ್ಟೇ. ಪ ದಿಂದ ಸ ಗೆ ಬಾ. ಬಂದ ಸ ವನ್ನೇ ಹೊಸ ಪ ಅಂದುಕೋ. ಮತ್ತೆ ಅದರ ಸ ಗೆ ಹೋಗು. ಹನ್ನೆರಡು ಸಲ ಹೀಗೆ ಮಾಡಿದರೆ ಹೊರಟಲ್ಲಿಗೇ ಬರುತ್ತೀಯ. ಪ ಕೇಳಿದಾಗ ಸ ಬೇಕು ಅನ್ನಿಸುವುದು ನಿನಗೆ ಚಿಕ್ಕಂದಿನಿಂದ ಗೊತ್ತು. ಅಜ್ಜಿ ಸರಳೆವರಸೆ ಹೇಳಿಕೊಡುವಾಗ ಪ ದಲ್ಲಿ ನಿಲ್ಲಿಸಿಬಿಟ್ಟರೆ ನೀನು ಅವರ ಸೆರಗು ಎಳೆದು "ಮುಗಿಸು" ಅನ್ನುತ್ತಿದ್ದೆ.

ಈಗ ಎಡಗೈ ಬಿಡು, ಏನೂ ಒತ್ತಬೇಡ. ದಪ್ಪ ತಂತಿಯಿಂದ ಶುರು ಮಾಡಿ ಆರು, ಐದು, ನಾಲ್ಕು, ಮೂರು ಮೀಟು. ಇ, ಎ, ಡಿ, ಜಿ. ನಿನ್ನ ಸುತ್ತಿನ ಮೊದಲ ನಾಲ್ಕು ಹೆಜ್ಜೆ ತಂತಿಯಲ್ಲೇ ಕಟ್ಟಿಟ್ಟಿದೆ! ಪ್ರತಿ ಜೋಡಿಗೂ ಬಾಯಲ್ಲಿ "ಪ ಸ" ಅಂತ ಹಾಡು. ಎರಡು ದಿನ ಇದೊಂದೇ ಮಾಡು. ಕಾರ್ಡ್ ಮುಟ್ಟಬೇಡ.

ಮೂರರಿಂದ ಎರಡನೇ ತಂತಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಜಿ ಯಿಂದ ಬಿ ಗೆ ಇರುವುದು ಸ ದಿಂದ ಅಂತರ ಗಾಂಧಾರದಷ್ಟೇ, ಅಂದರೆ ಮೇಲಿನ ಗ ದಷ್ಟೇ ದೂರ. ಎರಡರಿಂದ ಒಂದಕ್ಕೆ ಮತ್ತೆ ಪ ಸ. ನಾನು ಇದು ತಿಳಿಯದೆ ಆರು ತಂತಿಯನ್ನೂ ಕಿವಿಯ ಮೇಲೆ ಪ ಸ ಅಂತಲೇ ಬಿಗಿದುಬಿಟ್ಟೆ. ನಿನ್ನ ಹಳೇ ಒಂದನೇ ತಂತಿ ಪಟ್ ಅಂತ ಕಿತ್ತು ಮುಂಗೈ ಮೇಲೆ ಗೀರು ಬಿತ್ತು. ನಿನಗೆ ಹೇಳಿರಲಿಲ್ಲ. ಹೊಸ ತಂತಿ ಹಾಕಿಸಿದ್ದೇನೆ.

ಇನ್ನು ನಿನ್ನ ಡಿ7, ಜಿ7 ವಿಷಯ. ನಿನಗೆ ಹೇಳಿಕೊಟ್ಟಿರುವ ಡಿ7 ಪೂರ್ತಿ ಕೆಳಗಿನ ಮೂರು ಸಣ್ಣ ತಂತಿಗಳಲ್ಲಿದೆ. ಜಿ7 ನೋಡು, ಎರಡು ಬೆರಳು ಮೇಲಿನ ದಪ್ಪ ತಂತಿಗಳಿಗೆ ಹೋಗಬೇಕು, ಒಂದು ಬೆರಳು ಕೆಳಗೇ ಉಳಿಯಬೇಕು. ಇಡೀ ಅಂಗೈ ಬಿಚ್ಚಿಕೊಂಡು ಮತ್ತೆ ಕೂರಬೇಕು. ನಿನ್ನ ಕೈ ಕಟ್ಟಿಹೋಗುವುದು ಸಹಜ. ಕೈಯಲ್ಲಿ ದೋಷ ಇಲ್ಲ ಪುಟ್ಟಿ, ಆ ಆಕಾರಗಳೇ ಒಂದಕ್ಕೊಂದು ದೂರ.

ಬೇರೆ ಆಕಾರ ಹೇಳುತ್ತೇನೆ. ತೋರುಬೆರಳು ನಾಲ್ಕನೇ ತಂತಿಯ 6ನೇ ಫ್ರೆಟ್, ಅಂದರೆ ನಮ್ಮ ವೀಣೆಯ ಮೆಟ್ಟಿನಂಥದ್ದರ ಮೇಲೆ ಇಡು. ಉಂಗುರದ ಬೆರಳು ಮೂರನೇ ತಂತಿಯ 7ನೇ ಫ್ರೆಟ್ ಮೇಲೆ. ಎರಡೇ ಸ್ವರ. ಕೇಳು, ಏನೋ ಕಸಿವಿಸಿ, ನಿಂತಲ್ಲಿ ನಿಲ್ಲಲಾರದ ಹಾಗೆ. ಈಗ ಎರಡೂ ಬೆರಳನ್ನು ತಂತಿ ಬಿಡದೆ ಒಂದು ಫ್ರೆಟ್ ಹಿಂದಕ್ಕೆ, ಗಿಟಾರಿನ ತಲೆಯ ಕಡೆಗೆ ಜಾರಿಸು. ಮತ್ತೊಂದು. ಮತ್ತೊಂದು. ಮತ್ತೊಂದು. 6 ಮತ್ತು 7, 5 ಮತ್ತು 6, 4 ಮತ್ತು 5, 3 ಮತ್ತು 4, 2 ಮತ್ತು 3. ಐದು ಜಾಗ, ಒಂದೇ ಆಕಾರ. ಬರೀ ಹೀಗೆ ಕೇಳಿದರೆ ಮೆಟ್ಟಿಲಿಳಿದ ಹಾಗಿದೆ, ಅಷ್ಟೇ.

ಈಗ ಅದಕ್ಕೆ ಬಲಗೈ ಹೆಬ್ಬೆರಳಿನಿಂದ ತಗ್ಗಿನ ಸ್ವರ ಸೇರಿಸು. ಮೊದಲ ಜಾಗಕ್ಕೆ ಆರನೇ ತಂತಿ ಖಾಲಿ. ಎರಡನೆಯದಕ್ಕೆ ಐದನೇ ತಂತಿ ಖಾಲಿ. ಮೂರನೆಯದಕ್ಕೆ ಬಿಡುವಾಗಿರುವ ನಡುಬೆರಳನ್ನು ಐದನೇ ತಂತಿಯ 5ನೇ ಫ್ರೆಟ್ ಮೇಲೆ ಇಡು. ನಾಲ್ಕನೆಯದಕ್ಕೆ ಅದೇ ನಡುಬೆರಳು ಆರನೇ ತಂತಿಯ 3ನೇ ಫ್ರೆಟ್ಟಿಗೆ. ಐದನೆಯದಕ್ಕೆ ಐದನೇ ತಂತಿಯ 3ನೇ ಫ್ರೆಟ್ಟಿಗೆ. ಇ7, ಎ7, ಡಿ7, ಜಿ7, ಸಿ7. ನಿನಗೆ ಬರಲ್ಲ ಅಂದ ಸುತ್ತು ಇದೇ! ಡಿ7ರಿಂದ ಜಿ7ಗೆ ಈಗ ಜೋಡಿ ಬೆರಳು ಒಂದು ಫ್ರೆಟ್ ಜಾರಬೇಕು, ನಡುಬೆರಳು ಎರಡು ಫ್ರೆಟ್ ಹಿಂದಕ್ಕೆ, ಪಕ್ಕದ ತಂತಿಗೆ ದಾಟಬೇಕು. ಅಷ್ಟೇ. ಜಿ7ರಲ್ಲಿ ನಡುಬೆರಳಿನ ತುದಿ ಐದನೇ ತಂತಿಗೆ ಸ್ವಲ್ಪ ತಾಗಲಿ, ಅದು ಸುಮ್ನಿರುತ್ತದೆ.

ಇದು ಯಾಕೆ ಹೀಗೆ ಅಂತ ನಮ್ಮ ಸ್ವರದಲ್ಲಿ ಹೇಳಿದರೆ ನಿನಗೆ ಖುಷಿ ಆಗುತ್ತದೆ. ಆ ಜೋಡಿಯಲ್ಲಿ ಒಂದು ಅಂತರ ಗಾಂಧಾರ, ಇನ್ನೊಂದು ಕೈಶಿಕಿ ನಿಷಾದ, ಅಂದರೆ ಗ ಮತ್ತು ನಿ. ಹೆಸರಲ್ಲಿ 7 ಇರುವ ಕಾರ್ಡಿನ ಜೀವ ಇವೆರಡರಲ್ಲೇ ಇರುವುದು. ಸುತ್ತಿನಲ್ಲಿ ಒಂದು ಹೆಜ್ಜೆ ಇಟ್ಟಾಗ ಹಳೇ ಗ ಒಂದು ಮೆಟ್ಟು ಇಳಿದು ಹೊಸ ನಿ ಆಗುತ್ತದೆ. ಹಳೇ ನಿ ಒಂದು ಮೆಟ್ಟು ಇಳಿದು ಹೊಸ ಗ ಆಗುತ್ತದೆ. ಇಬ್ಬರೂ ತಮ್ಮ ತಂತಿ ಬಿಡುವುದಿಲ್ಲ, ಕೆಲಸ ಮಾತ್ರ ಅದಲುಬದಲು. ನಾನು ಇದನ್ನು ಕಂಡುಕೊಂಡ ರಾತ್ರಿ ಅಪ್ಪನನ್ನು ಎಬ್ಬಿಸಿ ನುಡಿಸಿ ತೋರಿಸಿದೆ. ನಿದ್ದೆಗಣ್ಣಲ್ಲೇ ಎದ್ದು ಕೂತು ಕೇಳಿದರು. "ಇನ್ನೊಂದ್ಸಲ ನುಡಿಸು" ಅಂದರು.

ಐದನೇ ಜಾಗಕ್ಕೆ ಬಂದಾಗ ಒಂದು ಮಾತು. ಸಿ7 ಕೂಡ ಇನ್ನೊಂದು ಸ ವನ್ನು ಕೇಳುತ್ತದೆ, ಅಂದರೆ ಎಫ್. ಅದಕ್ಕೇ ಚಕ್ರ ನಿಲ್ಲುವುದಿಲ್ಲ. ನಿಲ್ಲಿಸಬೇಕು ಅಂದರೆ ಉಂಗುರದ ಬೆರಳು ಎತ್ತಿಬಿಡು. ಮೂರನೇ ತಂತಿ ಖಾಲಿ ನುಡಿದು ಜಿ ಆಗುತ್ತದೆ. ಕೈಯಲ್ಲಿ ಉಳಿಯುವುದು ಬರೀ ಸಿ. ಆ ಬೆರಳು ಎತ್ತುವ ಗಳಿಗೆ ನನಗೆ ಈ ಇಡೀ ಸುತ್ತಿನಲ್ಲಿ ಎಲ್ಲಕ್ಕಿಂತ ಇಷ್ಟ.

ಬಲಗೈಗೆ ಹೆಬ್ಬೆರಳು ಮುಖ್ಯ. ವೀಣೆಯಲ್ಲಿ ಬಲಗೈ ಹೆಬ್ಬೆರಳಿಗೆ ಮೀಟುವ ಕೆಲಸವೇ ಇಲ್ಲ, ತೋರುಬೆರಳು, ನಡುಬೆರಳು ಮೀಟುತ್ತವೆ, ಕಿರುಬೆರಳು ತಾಳದ ತಂತಿ ನೋಡಿಕೊಳ್ಳುತ್ತದೆ. ಹಾಗಾಗಿ ನನ್ನ ಹೆಬ್ಬೆರಳಿಗೆ ಬುದ್ಧಿ ಬರಲು ಮೂರು ತಿಂಗಳು ಬೇಕಾಯಿತು. ನಾಲ್ಕು ಎಣಿಕೆಯಲ್ಲಿ ಒಂದು, ಮೂರಕ್ಕೆ ಹೆಬ್ಬೆರಳು. ಎರಡು, ನಾಲ್ಕಕ್ಕೆ ಮಿಕ್ಕ ಬೆರಳುಗಳಿಂದ ಆ ಜೋಡಿ ಸ್ವರ. ರ‍್ಯಾಗ್‌ಟೈಮ್ ಅನ್ನುವ ಹಳೇ ಪಿಯಾನೋ ಶೈಲಿಯಲ್ಲಿ ಎಡಗೈ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೆಬ್ಬೆರಳು ಮಾಡುತ್ತದೆ.

ಈ ಬಗೆಯ ಬ್ಲೂಸ್ ಬೆಳೆದದ್ದು ಅಮೆರಿಕದಲ್ಲಿ ನೀನಿರುವ ರಾಲಿ ಊರಿನ ಪಕ್ಕದಲ್ಲೇ ಅನ್ನುವುದು ನಿನಗೆ ಯಾರಾದರೂ ಹೇಳಿದರೋ ಇಲ್ಲವೋ. ಬ್ಲೂಸ್ ಅಂದರೆ ಎಲ್ಲರೂ ಮಿಸಿಸಿಪ್ಪಿ ಅನ್ನುತ್ತಾರೆ. ಅಲ್ಲಿ ಹೆಚ್ಚಾಗಿ ಮೂರು ಕಾರ್ಡಿನ ಹನ್ನೆರಡು ಬಾರ್, ಅಂದರೆ ಹನ್ನೆರಡು ಆವರ್ತ. ಅಲ್ಲಿಯ ರಾಬರ್ಟ್ ಜಾನ್ಸನ್ ಕೂಡ 1936ರಲ್ಲಿ ‘ದೇ ಆರ್ ರೆಡ್ ಹಾಟ್’ ಹಾಡಿಗೆ ಈ ಸುತ್ತನ್ನೇ ಹಿಡಿದ, ಅದು ಬೇರೆ ಮಾತು. ಆದರೆ ಸುತ್ತು ತುಂಬಿ ತುಳುಕುವುದು ವರ್ಜೀನಿಯಾ, ಕೆರೊಲಿನಾಗಳ ಕಡೆಯ ಪೀಡ್‌ಮಾಂಟ್ ಬ್ಲೂಸಿನಲ್ಲಿ. ಡರ್ಹಮ್‌ನಲ್ಲಿ ಹೊಗೆಸೊಪ್ಪಿನ ಗೋದಾಮುಗಳ ಹತ್ತಿರ ಬ್ಲೈಂಡ್ ಬಾಯ್ ಫುಲ್ಲರ್, ರೆವರೆಂಡ್ ಗ್ಯಾರಿ ಡೇವಿಸ್ ನುಡಿಸುತ್ತಿದ್ದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಸೊಪ್ಪು ಮಾರಿದ ರೈತರ ಕೈಯಲ್ಲಿ ಕಾಸು ಓಡಾಡುವ ಹೊತ್ತು ಅದು. ಡೇವಿಸ್ ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಎಲ್ಲ ನುಡಿಸಿದವರು. ಆಮೇಲೆ ನ್ಯೂಯಾರ್ಕಿಗೆ ಹೋಗಿ, 1972ರಲ್ಲಿ ತೀರಿಕೊಳ್ಳುವ ಮುಂಚೆ ಎಷ್ಟೋ ಹುಡುಗರಿಗೆ ಗಿಟಾರ್ ಹೇಳಿಕೊಟ್ಟರು.

ಹೊಗೆಸೊಪ್ಪಿನ ಗೋದಾಮು ಅಂತ ಓದಿದಾಗ ನನಗೆ ಪಿರಿಯಾಪಟ್ಟಣದ ನಮ್ಮ ತವರುಮನೆ ನೆನಪಾಯಿತು. ಸೊಪ್ಪು ಹದ ಮಾಡುವ ಬ್ಯಾರನ್ ಮುಂದೆ ನಿನ್ನ ತಾತ ರಾತ್ರಿಯೆಲ್ಲ ಬೆಂಕಿ ಕಾಯುತ್ತಿದ್ದರಲ್ಲ, ಅದೇ ವರ್ಜೀನಿಯಾ ಸೊಪ್ಪು. ಹರಾಜಿನಿಂದ ಬರುವಾಗ ನಮಗೆ ಏನಾದರೂ ತರುತ್ತಿದ್ದರು. ನನ್ನ ಮೊದಲ ವೀಣೆ ಬಂದದ್ದು ಅಂಥ ಒಂದು ಹರಾಜಿನ ದುಡ್ಡಿನಲ್ಲಿ. ಡರ್ಹಮ್‌ನ ಆ ಬೀದಿಯಲ್ಲಿ ಹಣದ ಜೊತೆಗೆ ಪಾಡು ಪಟ್ಟ ದಣಿವೂ ಇತ್ತು ಅನ್ನುವುದು ಆ ಹಾಡುಗಳಲ್ಲಿ ನನಗೆ ಕೇಳಿಸುತ್ತದೆ.

ಇನ್ನೊಬ್ಬರಿದ್ದಾರೆ, ಎಲಿಜಬೆತ್ ಕಾಟನ್. ನಿಮ್ಮ ಚಾಪೆಲ್ ಹಿಲ್ ಕಡೆಯವರೇ. ಎಡಗೈಯವರು. ಗಿಟಾರ್ ತಲೆಕೆಳಗಾಗಿ ಹಿಡಿದು, ಬೆರಳಿನಿಂದ ದಪ್ಪ ತಂತಿ, ಹೆಬ್ಬೆರಳಿನಿಂದ ರಾಗ ನುಡಿಸಿದರು. ಚಿಕ್ಕವಯಸ್ಸಿನಲ್ಲಿ ನುಡಿಸುವುದು ಬಿಟ್ಟು, ಮನೆಗೆಲಸ ಮಾಡಿಕೊಂಡು ಬದುಕಿದರು. ಕೆಲಸಕ್ಕಿದ್ದ ಮನೆಯಲ್ಲಿ ಗೋಡೆಗೆ ತೂಗುಹಾಕಿದ್ದ ಗಿಟಾರ್ ಮತ್ತೆ ಕೈಗೆ ಬಂತು. ಮೊದಲ ಎಲ್‌ಪಿ ರೆಕಾರ್ಡ್ 1958ರಲ್ಲಿ, ಅರವತ್ತು ದಾಟಿದ ಮೇಲೆ. ನೀನು ಹುಟ್ಟಿದ ಮೇಲೆ ನಾನು ಹದಿನೈದು ವರ್ಷ ವೀಣೆ ಮುಟ್ಟಿರಲಿಲ್ಲ. ಅವರ ಕಥೆ ಓದಿದ ದಿನ ನನಗೆ ಊಟ ಸೇರಲಿಲ್ಲ.

ಕೇಳಲಿಕ್ಕೆ ಎರಡು ಹಾಡು ಹೇಳುತ್ತೇನೆ. ಪಾಪಾ ಚಾರ್ಲಿ ಜಾಕ್ಸನ್ 1924ರಲ್ಲಿ ಹಾಡಿದ ‘ಸಾಲ್ಟಿ ಡಾಗ್ ಬ್ಲೂಸ್’. ಸಿ ಯಲ್ಲಿ ಹಿಡಿದರೆ, ಸಿ ಇಂದ ಎ7ಗೆ ಹಾರಿ, ಡಿ7, ಜಿ7 ಹಿಡಿದು ವಾಪಸ್ ಸಿ. ನಿನ್ನ ಬೆರಳಿಗೆ ಮೊದಲು ಇದೇ ಸುಲಭ. ಆಮೇಲೆ ಬೆಸ್ಸಿ ಸ್ಮಿತ್ 1929ರಲ್ಲಿ ಹಾಡಿದ ‘ನೋಬಡಿ ನೋಸ್ ಯು ವೆನ್ ಯು ಆರ್ ಡೌನ್ ಅಂಡ್ ಔಟ್’. ಅದನ್ನು ಸಿ ಯಲ್ಲಿ ಹಿಡಿದರೆ ಮೊದಲೇ ಇ7ಗೆ ನೆಗೆತ, ಅಲ್ಲಿಂದ ಎ7, ಡಿ ಮೈನರ್. ಮನೆಯಿಂದ ಒಂದೇ ಸಲಕ್ಕೆ ದೂರದ ಸ್ಟಾಪಿಗೆ ಹೋಗಿ, ಒಂದೊಂದೇ ಸ್ಟಾಪ್ ದಾಟಿ ಮನೆ ಕಡೆ ಬಂದ ಹಾಗೆ. ಕಾರ್ಡ್ ಹುಡುಕಬೇಡ, ಮೊದಲು ಪ ಸ ಹುಡುಕು.

ಅಭ್ಯಾಸಕ್ಕೆ ಲಯ ತಟ್ಟುವ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಇಡಬೇಡ. ಒಂದು ಕಾರ್ಡಿಗೆ ನಾಲ್ಕು ಎಣಿಕೆ. ಸುತ್ತನ್ನು ಸುಮ್ನೆ ಸುತ್ತುತ್ತಾ ಕೂರಬೇಡ. ಎಲ್ಲಿ ಸಿಕ್ಕಿಕೊಳ್ಳುತ್ತೀಯೋ ಆ ಸಂದು ಮಾತ್ರ ಹಿಡಿ. ಡಿ7ರ ಕೊನೆಯ ಎಣಿಕೆ, ಜಿ7ರ ಮೊದಲ ಎಣಿಕೆ, ನಿಲ್ಲಿಸು. ಹೀಗೆ ಇಪ್ಪತ್ತು ಸಲ. ಕೈ ಬಿಗಿದರೆ ಗಿಟಾರ್ ಕೆಳಗಿಟ್ಟು ನೀರು ಕುಡಿ.

ಭಾನುವಾರ ನಿನ್ನ ಬೆಳಗ್ಗೆ ಒಂಬತ್ತಕ್ಕೆ ಫೋನ್ ಮಾಡು, ಇಲ್ಲಿ ಸಂಜೆ ಆರೂವರೆ. ದೀಪ ಹಚ್ಚಿ ಕೂತಿರುತ್ತೇನೆ. ಫೋನಿನಲ್ಲಿ ಸ್ವರ ತಡವಾಗಿ ಬರುತ್ತದೆ, ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ. ನೀನು ಇ7ರಿಂದ ಹೊರಡು. ಜಿ7 ಬಂದ ಮೇಲೆ ನಿಲ್ಲಿಸಿ ತಂತಿ ಹಾಗೇ ನುಡಿಯಲು ಬಿಡು. ಸಿ ನಾನು ಇಲ್ಲಿಂದ ನುಡಿಸುತ್ತೇನೆ.

ನಿನ್ನ
ಅಮ್ಮ