ಟೊಂಡೊ ಓಣಿಯ ತಾಯಿ-ಮಗಳು

ಮಾನ್ಯ ಸಂಪಾದಕರೇ,

ಫಿಲಿಪ್ಪೀನ್ಸ್ ಸಿನಿಮಾ ಅಂದರೆ ನನಗೆ ಮೊದಲು ನೆನಪಾಗುವುದು ನಿರ್ದೇಶಕ ಲೀನೋ ಬ್ರೋಕಾ ಅವರ ‘ಇನ್ಸಿಯಾಂಗ್’ (1976). ಕಸಾಯಿಖಾನೆಯಲ್ಲಿ ಹಂದಿ ಕಡಿಯುವ ದೃಶ್ಯದಿಂದಲೇ ಶುರು. ಆಮೇಲೆ ಮನಿಲಾದ ಟೊಂಡೊ ಕೊಳೆಗೇರಿ, ಇಕ್ಕಟ್ಟಿನ ಮನೆ, ಸದಾ ಬೈಯುವ ತಾಯಿ, ಎಲ್ಲ ನುಂಗಿಕೊಂಡು ಬಟ್ಟೆ ಒಗೆಯುವ ಮಗಳು. ಮಗಳ ಪಾತ್ರದ ಹಿಲ್ಡಾ ಕೊರೊನೆಲ್ ಜಾಸ್ತಿ ಮಾತಾಡುವುದಿಲ್ಲ, ಕಣ್ಣಲ್ಲೇ ಹೇಳುತ್ತಾರೆ. ಕೊನೆಯ ಜೈಲಿನ ದೃಶ್ಯ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸರ್ವಾಧಿಕಾರಿ ಮಾರ್ಕೋಸ್ ಆಳ್ವಿಕೆಯ ಸೆನ್ಸಾರ್ ಕಾಟದ ನಡುವೆ ತೆಗೆದ ಚಿತ್ರವಿದು. 1978ರಲ್ಲಿ ಕಾನ್ ಚಿತ್ರೋತ್ಸವಕ್ಕೂ ಹೋಯಿತು.

ಕೊರಿಯಾ, ಇರಾನ್ ಚಿತ್ರಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಾಡುತ್ತೇವೆ, ಅಲ್ವಾ? ಫಿಲಂ ಸೊಸೈಟಿಗಳು ಇಂಥವನ್ನೂ ದೊಡ್ಡ ಪರದೆಯಲ್ಲಿ ತೋರಿಸಲಿ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಆ ಓಣಿಯ ಗದ್ದಲ ಅರ್ಧವೂ ಕಿವಿಗೆ ಬೀಳುವುದಿಲ್ಲ.

– ಒಬ್ಬ ಸಿನಿಮಾಪ್ರೇಮಿ, ಮೈಸೂರು