ಕೂಲರ್‌ಗೆ ದುಡ್ಡಿದೆ, ಅರ್ಥಿಂಗ್‌ಗೆ ಇಲ್ಲ

ಮಾನ್ಯ ಸಂಪಾದಕರೇ,

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ಬಿಸಿಲು 42–43 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯೇನಲ್ಲ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಎ.ಸಿ. ಬಿಲ್ ಕಟ್ಟಲಾಗದ ನಮ್ಮಂಥವರಿಗೆ ಕೂಲರ್ರೇ ಗತಿ. ಕೂಲರ್ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮ ಬಡಾವಣೆಗಳಲ್ಲಿ ಅದನ್ನು ಕೂರಿಸುವ, ರಿಪೇರಿ ಮಾಡಿಕೊಳ್ಳುವ ರೀತಿ ನೋಡಿದರೆ ಮಾತ್ರ ಎದೆ ಝಲ್ ಎನ್ನುತ್ತದೆ.

ಒಂದು ಸಂಜೆ ಯಾವುದಾದರೂ ಗಲ್ಲಿಯಲ್ಲಿ ನಡೆದು ನೋಡಿ. ಮೊದಲ ಮಹಡಿಯ ಕಿಟಕಿಗೆ ಬೈಂಡಿಂಗ್ ವೈರ್‌ನಲ್ಲಿ ಕಟ್ಟಿದ ತಗಡಿನ ಕೂಲರ್, ಕೆಳಗೆ ಆಸರೆಗೆ ನಾಲ್ಕು ಇಟ್ಟಿಗೆ. ತೂತು ಬಿದ್ದ ಟ್ಯಾಂಕಿಗೆ ಎಂ-ಸೀಲ್, ಅದರ ಮೇಲೆ ಡಾಂಬರು. ಪಂಪಿನ ವೈರ್ ಸಾಲದಿದ್ದರೆ ಇನ್ನೊಂದು ತುಂಡು ಸೇರಿಸಿ ಟೇಪ್ ಸುತ್ತಿರುತ್ತಾರೆ. ಆ ಜಾಯಿಂಟ್ ನೀರಲ್ಲೇ ಮುಳುಗಿರುತ್ತದೆ. ಪ್ಲಗ್ಗಿನ ಮೂರನೇ ಪಿನ್ ಬೋರ್ಡಿಗೆ ಹೋಗಲಿಲ್ಲವೆಂದರೆ ಅದನ್ನು ಮುರಿದೇ ಬಿಡುತ್ತಾರೆ. 'ಅದಕ್ಕೇನು ಕೆಲಸ ಇಲ್ಲ ಬಿಡ್ರಿ' ಎಂಬ ಸಮಾಧಾನ ಬೇರೆ.

ಜೀವ ಉಳಿಸುವುದು ಅರ್ಥಿಂಗ್‌ಗೆ ಜೋಡಿಸುವ ಅದೇ ಪಿನ್. ಪಂಪಿನ ವೈಂಡಿಂಗ್ ಹಾಳಾದರೆ ಅಥವಾ ಜಾಯಿಂಟ್‌ಗೆ ನೀರು ಹೋದರೆ ಕರೆಂಟ್ ನೀರಿಗೆ ಇಳಿಯುತ್ತದೆ, ನೀರಿನಿಂದ ತಗಡಿಗೆ. ಅರ್ಥಿಂಗ್ ಇದ್ದರೆ ಅದು ಭೂಮಿಗೆ ಹೋಗಲು ದಾರಿ ಇರುತ್ತದೆ. ಇಲ್ಲದಿದ್ದರೆ ಬರಿಗಾಲಲ್ಲಿ, ಒದ್ದೆಯಾದ ಫರ್ಸಿ ಬಂಡೆಯ ಮೇಲೆ ನಿಂತು ಕೊಡದಿಂದ ನೀರು ಸುರಿಯುವವರೇ ಆ ದಾರಿ. ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಎಂ.ಸಿ.ಬಿ. ಸ್ವಿಚ್ ಇದೆಯಲ್ಲ ಎನ್ನಬೇಡಿ. ಅದು ಬೀಳುವುದು ಹತ್ತು–ಹದಿನಾರು ಆಂಪಿಯರ್ ದಾಟಿದ ಮೇಲೆ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ನ ಸಣ್ಣ ಪಾಲು ಸಾಕು. 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌.ಸಿ.ಸಿ.ಬಿ. ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಕೂಲರ್‌ಗೆ ಎಂಟು ಸಾವಿರ ಕೊಡುವವರು ಇದಕ್ಕೆ ಮಾತ್ರ ಕೈ ಬಿಗಿ ಹಿಡಿಯುತ್ತಾರೆ. ಪ್ಲಾಸ್ಟಿಕ್ ಕೂಲರ್ ಆದರೆ ಭಯವಿಲ್ಲ ಎಂಬ ಮಾತೂ ಅರ್ಧ ಮಾತ್ರ ನಿಜ. ಡಬ್ಬ ಪ್ಲಾಸ್ಟಿಕ್ಕಾದರೂ ಒಳಗಿರುವುದು ನೀರೇ ಅಲ್ವಾ?

ಇದಕ್ಕಿಂತ ಕೆಟ್ಟ ಜುಗಾಡ್ ಇನ್ನೊಂದಿದೆ. ಬೋರ್ಡಿಗೆ ಅರ್ಥ್ ವೈರ್ ಬಂದಿಲ್ಲದಿದ್ದರೆ, ಸಾಕೆಟ್ಟಿನ ಒಳಗೇ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿಬಿಡುವುದು. ಎಲ್ಲವೂ ಸರಿ ಇರುವ ತನಕ ಏನೂ ಗೊತ್ತಾಗುವುದಿಲ್ಲ. ಎಲ್ಲೋ ನ್ಯೂಟ್ರಲ್ ಕಡಿದರೆ, ಅಥವಾ ಕರೆಂಟ್ ತರುವ ಫೇಸ್ ತಂತಿಯೂ ನ್ಯೂಟ್ರಲ್ಲೂ ಅದಲು ಬದಲಾದರೆ, ಕೂಲರಿನ ಮೈಗೆ ಇಡೀ 230 ವೋಲ್ಟ್ ಬಂದು ಕೂರುತ್ತದೆ. ಇಂಥದ್ದನ್ನು ಹವ್ಯಾಸಿಗಳಷ್ಟೇ ಅಲ್ಲ, ಅವಸರದ ಎಲೆಕ್ಟ್ರಿಷಿಯನ್ನರೂ ಮಾಡುತ್ತಾರೆ.

ಸರಿಯಾಗಿ ಅರ್ಥಿಂಗ್ ಮಾಡಿಸಿದ ಮನೆಯವರೂ ನಿಶ್ಚಿಂತೆಯಾಗಿ ಇರುವಂತಿಲ್ಲ. ಒಣಗಿದ ನೆಲ ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅರ್ಥಿಂಗ್‌ಗೆಂದು ತೋಡಿ ಇದ್ದಿಲು, ಉಪ್ಪು ತುಂಬಿದ ಗುಂಡಿ ಬೇಸಿಗೆಯಲ್ಲಿ ಪೂರ್ತಿ ಒಣಗಿರುತ್ತದೆ, ಕೂಲರ್ ಹಗಲೂ ರಾತ್ರಿ ಓಡುವುದೂ ಆಗಲೇ. ಕೂಲರ್‌ಗೆ ದಿನಾ ಕೊಡಗಟ್ಟಲೆ ನೀರು ಸುರಿಯುವವರು ಆಗಾಗ ಒಂದು ಬಕೆಟ್ ಆ ಗುಂಡಿಗೂ ಹಾಕಬಹುದು.

ತಮಾಷೆಯೆಂದರೆ, ಈ ರಿಪೇರಿಗಳಲ್ಲಿ ಎಷ್ಟೋ ಬೇಕೇ ಇರುವುದಿಲ್ಲ. 'ತಂಪು ಬರ್ತಿಲ್ಲ' ಎಂದು ಪಂಪ್ ಬಿಚ್ಚುತ್ತಾರೆ, ದೊಡ್ಡ ಮೋಟರ್ ಹಾಕುತ್ತಾರೆ. ಕೂಲರ್ ಕೆಟ್ಟಿರುವುದಿಲ್ಲ, ಎ.ಸಿ. ಇದ್ದಂತೆ ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡು ಕೂತಿರುತ್ತಾರೆ. ಒದ್ದೆ ಹುಲ್ಲಿನ ಮೂಲಕ ಹಾಯುವ ಒಣ ಗಾಳಿ ನೀರನ್ನು ಆವಿ ಮಾಡುತ್ತಾ ತಾನು ತಣ್ಣಗಾಗುತ್ತದೆ, ಇಷ್ಟೇ ಅದರ ಕೆಲಸ. ಆ ತೇವದ ಗಾಳಿ ಹೊರಹೋಗಲು ದಾರಿ ಬಿಡದಿದ್ದರೆ ಕೋಣೆ ಜಿಗುಟಾಗುತ್ತದೆ, ತಂಪು ನಿಲ್ಲುತ್ತದೆ. ಮಂಗಳೂರಿನ ಸೆಕೆಗೆ ಕೂಲರ್ ನಡೆಯದಿರುವುದೂ ಇದಕ್ಕೇ. ಎದುರಿನ ಕಿಟಕಿ ಸ್ವಲ್ಪ ತೆರೆಯಿರಿ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಹುಲ್ಲು ಕಲ್ಲಿನಂತಾಗಿದ್ದರೆ ಬದಲಿಸಿ. ಹುಲ್ಲು ಬದಲಿಸುವುದು, ಟ್ಯಾಂಕ್ ಉಜ್ಜುವುದು, ಇವನ್ನೆಲ್ಲ ಪ್ಲಗ್ ಕಿತ್ತಿಟ್ಟು ಯಾರಾದರೂ ಮಾಡಬಹುದು. ವೈರ್ ಮಾತ್ರ ಮುಟ್ಟಬೇಡಿ.

ಇನ್ನು ಆಡಳಿತದ ವಿಷಯ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದು ನಿಯಮ ಮಾಡಿತು. ಒಳ್ಳೆಯದೇ. ಕೂಲರಿನ ನೀರಲ್ಲಿ ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆ ತಯಾರಾಗುತ್ತದೆ. ಲಾರ್ವಾ ನೋಡಲು ಆರೋಗ್ಯ ಸಿಬ್ಬಂದಿ ಮನೆಗೆ ಬಂದು ಟ್ಯಾಂಕಿಗೆ ಟಾರ್ಚ್ ಬಿಡುತ್ತಾರೆ. ಪಕ್ಕದಲ್ಲೇ ಮುರಿದ ಪಿನ್ ನೇತಾಡುತ್ತಿದ್ದರೆ ಕೇಳುವವರಿಲ್ಲ.

ಆ ಕೆಲಸವನ್ನು ಮೀಟರ್ ರೀಡರ್‌ಗೆ ವಹಿಸಬಹುದು. ಪ್ರತಿ ತಿಂಗಳೂ ಮನೆ ಬಾಗಿಲಿಗೆ ಬಂದೇ ಬರುತ್ತಾರೆ. ಅರ್ಥಿಂಗ್ ಇದೆಯೇ ಎಂದು ತೋರಿಸುವ, ಕೆಲವು ನೂರು ರೂಪಾಯಿಯ ಸಾಕೆಟ್ ಟೆಸ್ಟರ್ ಕೊಟ್ಟು, ಫೆಬ್ರುವರಿ, ಮಾರ್ಚ್‌ನಲ್ಲಿ ಕೂಲರ್ ಇರುವ ಮನೆಯ ಒಂದು ಸಾಕೆಟ್ ನೋಡಿ ಬಿಲ್ಲಿನ ಮೇಲೆ 'ಅರ್ಥಿಂಗ್ ಇಲ್ಲ' ಎಂದು ಬರೆದರೂ ಸಾಕು. ಮೇಲೆ ಹೇಳಿದ ನ್ಯೂಟ್ರಲ್ ಕಳ್ಳಾಟ ಆ ಟೆಸ್ಟರ್‌ಗೆ ಸಿಕ್ಕುವುದಿಲ್ಲ, ನಿಜ. ಅದಕ್ಕೆ ಸಾಕೆಟ್ ಬಿಚ್ಚಿಯೇ ನೋಡಬೇಕು. ಆದರೂ ಬಾಡಿಗೆಯವರ ಕೈಯಲ್ಲಿ ಅಂಥದ್ದೊಂದು ಚೀಟಿ ಇದ್ದರೆ ಮಾಲೀಕರ ಹತ್ತಿರ ಮಾತಾಡಲು ಬಲ ಬರುತ್ತದೆ. ಈಗ ಕೇಳಿದರೆ 'ಬೇಕಾದ್ರೆ ಇರ್ರಿ, ಇಲ್ಲಾಂದ್ರೆ ಖಾಲಿ ಮಾಡ್ರಿ' ಎನ್ನುವವರೇ ಜಾಸ್ತಿ. ತಗಡಿನ ಕೂಲರ್ ಮಾಡಿ ಮಾರುವ ಅಂಗಡಿಗಳೂ ಎರಡು ಪಿನ್ನಿನ ವೈರ್ ಸಿಕ್ಕಿಸಿ ಕೊಡುವುದನ್ನು ಪಾಲಿಕೆ ಈ ಬೇಸಿಗೆಗೆ ಮೊದಲೇ ನಿಲ್ಲಿಸಬೇಕು.

— ಒಬ್ಬ ಓದುಗ, ಕಲಬುರಗಿ