ಬೆಲ್ಲದ ಕವರಿನ ಮೇಲಿನ ಹಸಿರು ಎಲೆಗೆ ಯಾರು ಹೊಣೆ? ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನಲ್ಲಿ ಆಲೆಮನೆ ನಡೆಸುವವನು. ನಮ್ಮಪ್ಪನ ಕಾಲದಿಂದ ಇದೇ ಕಸುಬು. ಕಳೆದ ಸಂಕ್ರಾಂತಿಗೆ ಮುಂಚೆ ನಡೆದ ಒಂದು ವಿಷಯ ನಿಮಗೆ ಹೇಳಲೇಬೇಕು.

ಬೆಂಗಳೂರಿನ ಒಂದು ಕಂಪನಿಯವರು ಬೆಲ್ಲ ಕೇಳಿಕೊಂಡು ಬಂದರು. ಅಚ್ಚು ಬೆಲ್ಲ ಬೇಕು, ಹಳದಿ ಬಣ್ಣ ಇರಬೇಕು ಅಂದರು. ಕೈಯಲ್ಲಿ ಆಗಲೇ ಅಚ್ಚು ಹಾಕಿಸಿದ ಕವರ್ ಇತ್ತು. ಮೇಲೆ ಹಸಿರು ಎಲೆ, ಕೆಳಗೆ ‘ಸಾವಯವ, ಪರಿಸರ ಸ್ನೇಹಿ ಮಂಡ್ಯ ಬೆಲ್ಲ’. ‘ಸ್ವಾಮಿ, ನಮ್ಮ ಕಬ್ಬಿಗೆ ಯೂರಿಯಾ ಹಾಕುತ್ತೇವೆ, ಸಾವಯವ ಅಂತ ಬರೆಯಬೇಡಿ’ ಅಂದೆ. ‘ಅದನ್ನೆಲ್ಲ ಯಾರು ಕೇಳ್ತಾರೆ ಬಿಡಿ’ ಅಂದರು. ಒಲೆಗೆ ಏನು ಹಾಕುತ್ತೀರಿ ಅಂತ ಒಂದು ಮಾತೂ ಕೇಳಲಿಲ್ಲ. ವ್ಯಾಪಾರ ಕುದುರಲಿಲ್ಲ, ಹೊರಟುಹೋದರು. ಆದರೆ ಆ ಕವರಿಗೆ ಎಲ್ಲಿಂದಲಾದರೂ ಬೆಲ್ಲ ಸಿಕ್ಕೇ ಇರುತ್ತದೆ, ಅಲ್ವಾ?

ಒಲೆಯ ಮಾತು ಯಾಕೆ ಎತ್ತಿದೆ ಅಂತ ಹೇಳುತ್ತೇನೆ. ಬಿಸಿಲಿದ್ದರೆ ಗಾಣದಿಂದ ಬಂದ ಕಬ್ಬಿನ ಸಿಪ್ಪೆ ಒಣಗುತ್ತದೆ, ಕೊಪ್ಪರಿಗೆ ಕಾಯಿಸಲು ಅದೇ ಸಾಕು. ಮಳೆಗಾಲದಲ್ಲಿ ಒಣಗುವುದಿಲ್ಲ. ಆಗ ಕೆಲವರು ಹಳೇ ಟೈರು, ಪ್ಲಾಸ್ಟಿಕ್ ಕಸ ತಂದು ಉರಿಸುತ್ತಾರೆ. ಆ ಕರಿ ಹೊಗೆ ಸುತ್ತಲಿನ ಮನೆಗಳಿಗೇ ನುಗ್ಗುತ್ತದೆ, ಮಕ್ಕಳು ಕೆಮ್ಮುತ್ತಾರೆ. ಬಣ್ಣದ ಕತೆಯೂ ಇಂಥದ್ದೇ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ ಬೆಲ್ಲ ಕಂದಾಗಿರುತ್ತದೆ. ಹಳದಿಯೇ ಬೇಕು ಅಂದವರಿಗಾಗಿ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡುವ ರಾಸಾಯನಿಕ ಹಾಕುತ್ತಾರೆ. ಇದೆಲ್ಲ ತಪ್ಪು. ನಮ್ಮವರೇ ಮಾಡುತ್ತಾರೆ ಅಂತ ನಾನು ಮುಚ್ಚಿಡುವುದಿಲ್ಲ. ಆದರೆ ದಾಳಿ ಅಂದರೆ ಜೀಪು ಬರುವುದು ಆಲೆಮನೆ ಬಾಗಿಲಿಗೆ ಮಾತ್ರ. ಹಳದಿ ಬೆಲ್ಲ ಕಮ್ಮಿ ರೇಟಿಗೆ ಬೇಕು ಅಂತ ಒತ್ತಿ, ಅದರ ಮೇಲೆ ಹಸಿರು ಎಲೆ ಹಾಕಿ ಜಾಸ್ತಿ ಬೆಲೆಗೆ ಮಾರುವವರನ್ನು ಯಾರೂ ಕೇಳುವುದಿಲ್ಲ.

ಅವರನ್ನು ಕೇಳಲು ಕಾನೂನು ಇದೆ. ಪುರಾವೆ ಇಲ್ಲದೆ ‘ಪರಿಸರ ಸ್ನೇಹಿ’, ‘ನೈಸರ್ಗಿಕ’, ‘ಸಾವಯವ’ ಅಂತ ಸುಮ್ನೆ ಬರೆದುಕೊಳ್ಳುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪದಾರ್ಥದ ಜೊತೆಗೆ ಅದನ್ನು ತಯಾರಿಸುವ ರೀತಿಯೂ ಇದರೊಳಗೆ ಬರುತ್ತದೆ. ಅಂದರೆ ನಮ್ಮ ಒಲೆಯೂ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕವರ್, ಲೇಬಲ್ ಕೂಡ ಜಾಹೀರಾತೇ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ದೂರು ಬಂದರೆ ವಿಚಾರಣೆ ಮಾಡಿ ವರದಿ ಕಳಿಸುವ ಅಧಿಕಾರವನ್ನು ಅದೇ ಕಾಯ್ದೆಯ 16ನೇ ಕಲಂ ಜಿಲ್ಲಾಧಿಕಾರಿಗೆ ಕೊಟ್ಟಿದೆ. ಈ ಅಧಿಕಾರವನ್ನು ನೀವು ಬಳಸಬೇಕು ಅಂತಲೇ ಈ ಪತ್ರ.

ಮಂಡ್ಯ ಬೆಲ್ಲದ ಹೆಸರಲ್ಲಿ ಅಂಗಡಿಗಳಲ್ಲಿ ಮಾರುವ ಪ್ಯಾಕೆಟ್‌ಗಳನ್ನು ತರಿಸಿ ನೋಡಿ. ಸಾವಯವ ಅಂತ ಬರೆದವರ ಹತ್ತಿರ ಸಾವಯವ ಅಂತ ಖಾತ್ರಿ ಕೊಡುವ ಸರ್ಕಾರಿ ಯೋಜನೆಗಳಾದ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಕೇಳಿ. ಪರಿಸರ ಸ್ನೇಹಿ ಅಂದವರನ್ನು ಯಾವ ಆಲೆಮನೆಯಿಂದ ತಂದಿರಿ, ಅಲ್ಲಿ ಏನು ಉರಿಸುತ್ತಾರೆ ಅಂತ ಕೇಳಿ. ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲಿ ನಮ್ಮ ಜಿಲ್ಲೆಗೆ ಬೆಲ್ಲವನ್ನೇ ಆರಿಸಿದ್ದಾರೆ. ಆ ಹೆಸರು ಕೆಟ್ಟರೆ ಮೊದಲು ಸಾಯುವವರು ರಾಸಾಯನಿಕ ಬಿಟ್ಟು, ಇಳುವರಿ ಕಳೆದುಕೊಂಡು, ವರ್ಷಗಟ್ಟಲೆ ಕಾದು ಪ್ರಮಾಣಪತ್ರ ಪಡೆದ ರೈತರು. ನಾನು ಅವರಲ್ಲಿ ಒಬ್ಬನಲ್ಲ. ಆದರೂ ಅವರ ಕಷ್ಟ ಹತ್ತಿರದಿಂದ ನೋಡಿದ್ದೇನೆ, ನೋಡಿ ಹೊಟ್ಟೆ ಉರಿಯುತ್ತದೆ.

ಈ ವಾರವೇ ನಿಮ್ಮ ಕಚೇರಿಗೆ ಬಂದು ಲಿಖಿತ ದೂರು ಕೊಡುತ್ತೇನೆ. ವಿಚಾರಣೆಗೆ ಕರೆದರೆ ಹೇಳಿಕೆಯನ್ನೂ ಕೊಡುತ್ತೇನೆ. ಆ ಕಂಪನಿಯವರು ಬಿಟ್ಟುಹೋದ ಕವರ್ ಇನ್ನೂ ನನ್ನ ಹತ್ತಿರ ಇದೆ, ಜೊತೆಗೆ ತರುತ್ತೇನೆ.

ಇಂತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಆಲೆಮನೆಯವನು